ಹೊಸಬರೂ ಪಳಗಿದವರೂ ಸೇರಿ ಆಡುವ ಬ್ಯಾಡ್ಮಿಂಟನ್ ಟೂರ್ನಿ: ಆಯೋಜಕರಿಗೆ ಸಮಗ್ರ ಮಾರ್ಗದರ್ಶಿ

16 ಜೋಡಿಗಳನ್ನು ಸೇರಿಸಿ ನೇರವಾಗಿ ನಾಕೌಟ್ ಆಡಿಸಿದರೆ ಒಟ್ಟು 15 ಪಂದ್ಯ. ಮೊದಲ ಸುತ್ತು ಮುಗಿಯುವ ಹೊತ್ತಿಗೆ 8 ಜೋಡಿ ಬ್ಯಾಗ್ ಎತ್ತಿಕೊಂಡು ಹೊರಟಿರುತ್ತವೆ. ಹೊರಟವರು ಯಾರು? ಹೆಚ್ಚಾಗಿ ಹೊಸಬರು, ವಾರಕ್ಕೊಮ್ಮೆ ಆಡುವವರು, ವಯಸ್ಸಾದವರು. ಟೂರ್ನಿ ಯಾರಿಗಾಗಿ ಮಾಡಿದ್ದೋ ಅವರೇ. ಕೊನೆಗೆ ಹಾಲ್‌ನಲ್ಲಿ ಉಳಿಯುವುದು ಯಾವಾಗಲೂ ಗೆಲ್ಲುವ ಅದೇ ನಾಲ್ಕು ಜನ, ಮತ್ತೆ ಕುರ್ಚಿ ಎತ್ತಿಡಬೇಕಾದ ಆಯೋಜಕರು.

ಇಂಥ ಟೂರ್ನಿ ಚೆನ್ನಾಗಿ ನಡೆಯಿತಾ ಇಲ್ಲವಾ ಎಂದು ತಿಳಿಯಲು ನಾನು ಫೈನಲ್ ನೋಡುವುದಿಲ್ಲ, ಸ್ಕೋರ್ ಹಾಳೆಗಳನ್ನು ನೋಡುತ್ತೇನೆ. ಎರಡೇ ಪ್ರಶ್ನೆ. ಎಲ್ಲರಿಗಿಂತ ಕಡಿಮೆ ಆಡಿದವರಿಗೆ ಎಷ್ಟು ಪಂದ್ಯ ಸಿಕ್ಕಿತು? 21-17, 21-18 ತರಹದ ಸ್ಕೋರ್ ಎಷ್ಟಿವೆ, 21-4 ತರಹದ್ದು ಎಷ್ಟಿವೆ? ಕೆಳಗೆ ಹೇಳಿರುವುದೆಲ್ಲ ಈ ಎರಡು ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಬರಲಿ ಅಂತ.

ಡಬಲ್ಸ್ ಟೂರ್ನಿ ಎಂದೇ ಇಟ್ಟುಕೊಂಡು ಬರೆದಿದ್ದೇನೆ. ಒಂದೇ ಕೋರ್ಟ್‌ನಲ್ಲಿ ನಾಲ್ಕು ಜನ ಆಡಬಹುದು, ದಣಿವು ಕಡಿಮೆ, ಮಟ್ಟ ಬೇರೆಯಿದ್ದರೂ ಪಾರ್ಟ್‌ನರ್ ಸಂಭಾಳಿಸುತ್ತಾರೆ. ಮಟ್ಟದಲ್ಲಿ ಅಂತರ ಇರುವ ಕಡೆ ಸಿಂಗಲ್ಸ್ ಬಹಳ ನಿರ್ದಯ ಆಟ.

ಸಣ್ಣ ಅಂತರ ದೊಡ್ಡ ಸೋಲಾಗುವುದು ಹೇಗೆ

ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. 10 ರ‍್ಯಾಲಿಗಳಲ್ಲಿ 6 ಗೆಲ್ಲುವ ಜೋಡಿ ಇದೆ ಅಂದುಕೊಳ್ಳಿ (ರ‍್ಯಾಲಿ ಅಂದರೆ ಸರ್ವ್‌ನಿಂದ ಶಟಲ್ ಬೀಳುವವರೆಗಿನ ಆಟ). ನೋಡುವವರಿಗೆ ಎರಡೂ ಜೋಡಿ ಹೆಚ್ಚುಕಡಿಮೆ ಸಮ ಅನಿಸುತ್ತದೆ. ಆದರೆ 21 ಪಾಯಿಂಟ್‌ನ ಗೇಮ್ ಆಡಿಸಿದರೆ ಆ ಜೋಡಿ 10ರಲ್ಲಿ ಸುಮಾರು 9 ಸಲ ಗೆಲ್ಲುತ್ತದೆ. ಸ್ಕೋರ್ ಸರಾಸರಿ 21-14ರ ಆಸುಪಾಸು. 10ಕ್ಕೆ 7 ರ‍್ಯಾಲಿ ಗೆಲ್ಲುವವರಾದರೆ ಇನ್ನೊಂದು ಕಡೆಯವರು ಗೆಲ್ಲುವುದೇ ಇಲ್ಲ ಅನ್ನಬಹುದು; ಸ್ಕೋರ್ 21-9.

2006ರಿಂದ ಅಂತರರಾಷ್ಟ್ರೀಯ ಮಟ್ಟದಲ್ಲಿ ಪ್ರತಿ ರ‍್ಯಾಲಿಗೂ ಪಾಯಿಂಟ್ ಸಿಗುವ 21ರ ಪದ್ಧತಿ ಬಂತು. ಅದು ಉದ್ದದ ಗೇಮ್. ಗೇಮ್ ಉದ್ದವಾದಷ್ಟೂ ಬಲಶಾಲಿಗೇ ಲಾಭ, ಮೂರು ಗೇಮ್‌ಗಳಲ್ಲಿ ಎರಡು ಗೆಲ್ಲಬೇಕು ಅಂದರೆ ಇನ್ನೂ ಲಾಭ. ಹಾಗಾಗಿ ಮಟ್ಟದ ವ್ಯತ್ಯಾಸ ಇರುವ ಕಡೆ ಎಲ್ಲ ಪಂದ್ಯಗಳನ್ನೂ ಮೂರು ಗೇಮ್ ಆಡಿಸುವುದು ಸಮಯಕ್ಕೂ ನಷ್ಟ, ಮಜಕ್ಕೂ ನಷ್ಟ. ಗುಂಪು ಹಂತಕ್ಕೆ, ಅಂದರೆ ನಾಕೌಟ್‌ಗೆ ಮುಂಚೆ ಗುಂಪಿನಲ್ಲಿ ಎಲ್ಲರೂ ಎಲ್ಲರ ಜೊತೆ ಆಡುವ ಹಂತಕ್ಕೆ, ಒಂದೇ ಗೇಮ್ ಸಾಕು.

ಮೊದಲ ಹೆಜ್ಜೆ: ಕೋರ್ಟ್ ಎಷ್ಟು ಹೊತ್ತು ಸಿಗುತ್ತದೆ

ಹೆಚ್ಚಿನವರು ಎಷ್ಟು ಜನ ಬರುತ್ತಾರೆ ಎಂಬುದರಿಂದ ಶುರು ಮಾಡುತ್ತಾರೆ. ಅದು ಉಲ್ಟಾ. ಮೊದಲು ಹಾಲ್ ಗಟ್ಟಿಮಾಡಿಕೊಳ್ಳಿ. ಎಷ್ಟು ಕೋರ್ಟ್, ಎಷ್ಟು ಗಂಟೆ ಎಂದು ಖಚಿತವಾದ ಮೇಲೆ ಎಷ್ಟು ಜನರನ್ನು ಸೇರಿಸಿಕೊಳ್ಳಬಹುದು ಎಂಬುದು ತಾನಾಗಿ ಗೊತ್ತಾಗುತ್ತದೆ. ಟೂರ್ನಿಗೆ ಆರು ವಾರ ಮುಂಚೆ ಈ ಕೆಲಸ ಮುಗಿದಿದ್ದರೆ ನಿರಾಳ.

ಹವ್ಯಾಸಿಗಳ ಡಬಲ್ಸ್‌ನಲ್ಲಿ 21ರ ಒಂದು ಗೇಮ್ 12ರಿಂದ 15 ನಿಮಿಷ ಹಿಡಿಯುತ್ತದೆ. ಹೆಸರು ಕೂಗುವುದು, ಕೋರ್ಟ್‌ಗೆ ಬರುವುದು, ಎರಡು ನಿಮಿಷ ಕೈ ಬಿಸಿ ಮಾಡಿಕೊಳ್ಳುವುದು ಸೇರಿಸಿ 20 ನಿಮಿಷ ಇಟ್ಟುಕೊಳ್ಳಿ. ಮೂರು ಗೇಮ್‌ಗಳ ಪಂದ್ಯಕ್ಕೆ 45 ನಿಮಿಷ. ಇದಕ್ಕಿಂತ ಕಡಿಮೆ ಹಿಡಿದರೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ ಅಷ್ಟೇ.

ಒಂದು ಉದಾಹರಣೆ ಪೂರ್ತಿ ನೋಡೋಣ. 3 ಕೋರ್ಟ್, 6 ಗಂಟೆ, 16 ಜೋಡಿ. ನಾಲ್ಕು ಜೋಡಿಗಳ ನಾಲ್ಕು ಗುಂಪು ಮಾಡುತ್ತೀರಿ. ಒಂದು ಗುಂಪಿನಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿದರೆ 6 ಪಂದ್ಯ, ಒಟ್ಟು 24. ಮೂರು ಕೋರ್ಟ್‌ಗೆ ಹಂಚಿದರೆ 8 ಸರದಿ, ಅಂದರೆ 160 ನಿಮಿಷ. ಆಮೇಲೆ ಪ್ರತಿ ಗುಂಪಿನ ಮೊದಲ ಇಬ್ಬರು ಮುಖ್ಯ ನಾಕೌಟ್‌ಗೆ, ಕೊನೆಯ ಇಬ್ಬರು ಎರಡನೇ ನಾಕೌಟ್‌ಗೆ. ಎರಡಕ್ಕೂ ಸೇರಿ ಕ್ವಾರ್ಟರ್‌ಫೈನಲ್ 8, ಅದಕ್ಕೆ 3 ಸರದಿ, 60 ನಿಮಿಷ. ಸೆಮಿಫೈನಲ್ 4, ಎರಡು ಸರದಿ. ಎರಡು ಫೈನಲ್ ಅಕ್ಕಪಕ್ಕದ ಕೋರ್ಟ್‌ಗಳಲ್ಲಿ ಒಟ್ಟಿಗೇ.

ಸೆಮಿಫೈನಲ್, ಫೈನಲ್ ಎರಡನ್ನೂ ಮೂರು ಗೇಮ್ ಆಡಿಸಿದರೆ ಒಟ್ಟು 355 ನಿಮಿಷ. 6 ಗಂಟೆ ಅಂದರೆ 360 ನಿಮಿಷ. ಉಸಿರಾಡಲು ಐದೇ ನಿಮಿಷ! ಸೆಮಿಫೈನಲ್ ಒಂದೇ ಗೇಮ್ ಮಾಡಿ ಫೈನಲ್ ಮಾತ್ರ ಮೂರು ಗೇಮ್ ಮಾಡಿದರೆ 305 ನಿಮಿಷ, ಕೈಯಲ್ಲಿ 55 ನಿಮಿಷ ಉಳಿಯುತ್ತದೆ. ಆ 55 ನಿಮಿಷ ಬೇಕೇ ಬೇಕು. ಯಾರೋ ತಡವಾಗಿ ಬರುತ್ತಾರೆ, ಯಾರದೋ ಕಾಲು ಹಿಡಿದುಕೊಳ್ಳುತ್ತದೆ, ನೆಟ್‌ನ ಹಗ್ಗ ಸಡಿಲವಾಗುತ್ತದೆ. ಒಟ್ಟು ಸಮಯದ ಸುಮಾರು ಆರರಲ್ಲಿ ಒಂದು ಪಾಲು ಖಾಲಿ ಬಿಡುವುದು ನನ್ನ ಕಟ್ಟುನಿಟ್ಟಿನ ನಿಯಮ. ಇಷ್ಟಾದರೂ ಪ್ರತಿ ಜೋಡಿಗೂ ಕನಿಷ್ಠ 4 ಪಂದ್ಯ ಸಿಕ್ಕೇ ಸಿಗುತ್ತದೆ.

ಹಾಲ್ ನೋಡಲು ಹೋದಾಗ ಟೇಪ್ ಒಯ್ಯಿರಿ. ಡಬಲ್ಸ್ ಕೋರ್ಟ್ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ನೆಟ್ ಕಂಬದ ಹತ್ತಿರ 1.55 ಮೀಟರ್, ನಡುವೆ 1.524 ಮೀಟರ್ ಎತ್ತರ ಇರಬೇಕು. ಸಡಿಲ ನೆಟ್ ನಡುವಿನಲ್ಲಿ ಇಷ್ಟಕ್ಕಿಂತ ಜಾಸ್ತಿ ಜೋತುಬಿದ್ದಿರುವುದು ಸಾಮಾನ್ಯ. ಗೆರೆಗಳ ಆಚೆ ಓಡಾಡಲು ಜಾಗ ಇದೆಯಾ, ಚಾವಣಿ ಎಷ್ಟು ಎತ್ತರ, ದೀಪ ನೇರ ಕೋರ್ಟ್ ಮೇಲೆ ಇದೆಯಾ ಎಂದೂ ನೋಡಿ. ದೀಪ ಪಕ್ಕದಲ್ಲಿದ್ದರೆ ಶಟಲ್ ಕಾಣುವುದು ಸುಲಭ. ಫ್ಯಾನ್, ಏಸಿ ಗಾಳಿ ಕೋರ್ಟ್‌ಗೆ ಬೀಸುತ್ತದಾ, ಆರಿಸಬಹುದಾ ಎಂದು ಅಲ್ಲೇ ಕೇಳಿಬಿಡಿ.

ಮಟ್ಟ ಗುರುತಿಸುವುದು: ಎಲ್ಲಕ್ಕಿಂತ ಕಷ್ಟದ ಭಾಗ

"ನೀವು ಎಂಥ ಆಟಗಾರರು?" ಎಂದು ಫಾರಂನಲ್ಲಿ ಕೇಳಿದರೆ ಎಲ್ಲರೂ "ಮಧ್ಯಮ" ಎಂದೇ ಬರೆಯುತ್ತಾರೆ. ಹೊಸಬರಿಗೆ ತಾವು ಹೊಸಬರು ಎನ್ನಲು ಸಂಕೋಚ. ಪಳಗಿದವರಲ್ಲಿ ಕೆಲವರಿಗೆ ವಿನಯ, ಇನ್ನು ಕೆಲವರಿಗೆ ಸುಲಭದ ಗುಂಪು ಸಿಗಲಿ ಎಂಬ ಆಸೆ. ಅದಕ್ಕೆ ಅಭಿಪ್ರಾಯ ಕೇಳಬೇಡಿ, ಏನೇನು ಮಾಡಬಲ್ಲರು ಅಂತ ಕೇಳಿ.

ನಾನು ನಾಲ್ಕು ಮಟ್ಟ ಇಟ್ಟುಕೊಳ್ಳುತ್ತೇನೆ. ಸರ್ವ್ ಆಚೆ ದಾಟುತ್ತದೆ, ನಾಲ್ಕೈದು ಹೊಡೆತಗಳ ರ‍್ಯಾಲಿ ಆಡಬಲ್ಲರು ಅಂದರೆ ಮಟ್ಟ 1. ತಲೆ ಮೇಲಿಂದ ಹೊಡೆದ ಶಟಲ್ ಎದುರಾಳಿ ಕೋರ್ಟ್‌ನ ಅರ್ಧ ದಾಟುತ್ತದೆ, ಪಾಯಿಂಟ್ ಎಣಿಕೆ ಗೊತ್ತು, ಆದರೆ ಡಬಲ್ಸ್‌ನಲ್ಲಿ ಎಲ್ಲಿ ನಿಲ್ಲಬೇಕು ಎಂಬ ಗೊಂದಲ ಇದೆ ಅಂದರೆ ಮಟ್ಟ 2. ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಕ್ಲಿಯರ್ ಹೊಡೆಯಬಲ್ಲರು, ಡ್ರಾಪ್ (ನೆಟ್ ದಾಟಿದ ಕೂಡಲೇ ಬೀಳುವ ಮೆಲ್ಲನೆಯ ಹೊಡೆತ) ಮತ್ತು ಸ್ಮ್ಯಾಶ್ (ಕೆಳಮುಖವಾದ ಜೋರು ಹೊಡೆತ) ಬೇಕೆಂದ ಕಡೆ ಹೋಗುತ್ತವೆ, ದಾಳಿ ಮಾಡುವಾಗ ಹಿಂದೆ-ಮುಂದೆ, ರಕ್ಷಣೆಗೆ ಅಕ್ಕಪಕ್ಕ ನಿಲ್ಲುವುದು ರೂಢಿಯಾಗಿದೆ ಅಂದರೆ ಮಟ್ಟ 3. ಕೋಚ್ ಬಳಿ ಕಲಿತು ಸ್ಪರ್ಧೆಗಳಲ್ಲಿ ಆಡಿದವರು, ಬ್ಯಾಕ್‌ಹ್ಯಾಂಡ್‌ನಲ್ಲೂ ಹಿಂದಿನವರೆಗೆ ಕಳಿಸಬಲ್ಲವರು ಮಟ್ಟ 4.

ಈ ವಿವರಣೆಗಳನ್ನೇ ಫಾರಂನಲ್ಲಿ ಹಾಕಿ, ಮಟ್ಟದ ಸಂಖ್ಯೆ ಮಾತ್ರ ಬರೆಯಬೇಡಿ. "ಕೆಳಗಿನವುಗಳಲ್ಲಿ ನಿಮ್ಮಿಂದ ಆಗುವುದಕ್ಕೆ ಗುರುತು ಹಾಕಿ" ಅಂದರೆ ಜನ ಸಾಕಷ್ಟು ಪ್ರಾಮಾಣಿಕವಾಗಿ ತುಂಬುತ್ತಾರೆ. ಆಮೇಲೆ ಎಲ್ಲರ ಆಟವನ್ನೂ ಬಲ್ಲ ಇಬ್ಬರನ್ನು ಕೂರಿಸಿಕೊಂಡು ಪಟ್ಟಿ ಒಮ್ಮೆ ನೋಡಿ. ಗೊತ್ತಿಲ್ಲದವರು ಜಾಸ್ತಿ ಇದ್ದರೆ ಟೂರ್ನಿಗೆ ವಾರ ಮುಂಚೆ ಒಂದು ಗಂಟೆ ಸುಮ್ನೆ ಎಲ್ಲರೂ ಬೆರೆತು ಆಡುವ ಕಾರ್ಯಕ್ರಮ ಇಡಿ. ಹತ್ತು ನಿಮಿಷ ನೋಡಿದರೆ ಮಟ್ಟ ತಿಳಿಯುತ್ತದೆ. ಸ್ಮ್ಯಾಶ್ ನೋಡಬೇಡಿ, ಸರ್ವ್ ಹೊಡೆದ ಮೇಲೆ ಅವರ ಕಾಲು ಎಲ್ಲಿ ಹೋಗುತ್ತದೆ ನೋಡಿ.

ಪ್ರಕಟಣೆಯಲ್ಲೇ ಒಂದು ಸಾಲು ಸೇರಿಸಿ: "ಮಟ್ಟ ಬದಲಿಸುವ ಹಕ್ಕು ಆಯೋಜಕರಿಗೆ ಇದೆ." ಟೂರ್ನಿ ದಿನ ಯಾರೋ ಮೊದಲ ಪಂದ್ಯವನ್ನೇ 21-3ರಿಂದ ಗೆದ್ದಾಗ ಈ ಸಾಲು ನಿಮ್ಮನ್ನು ಕಾಪಾಡುತ್ತದೆ.

ಇನ್ನೊಂದು ಮಾತು. ಮಟ್ಟ ಸರಿಯಾಗಿ ಗುರುತಿಸಿದರೆ ಗಂಡಸರದ್ದು, ಹೆಂಗಸರದ್ದು, ಮಿಶ್ರ ಎಂದು ಮೂರು ವಿಭಾಗ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಮೂರು ತುಂಡು ಮಾಡಿದರೆ ಪ್ರತಿಯೊಂದರಲ್ಲೂ ಐದಾರು ಜೋಡಿ ಉಳಿದು, ಮತ್ತೆ ಬಲಾಬಲದ ಅಂತರವೇ ಎದ್ದು ನಿಲ್ಲುತ್ತದೆ.

ಯಾವ ಮಾದರಿ ಆರಿಸಬೇಕು

12 ಜನಕ್ಕಿಂತ ಕಡಿಮೆ ಇದ್ದರೆ ಪಾರ್ಟ್‌ನರ್ ಬದಲಾಗುತ್ತಾ ಹೋಗುವ ಆಟ ಎಲ್ಲಕ್ಕಿಂತ ಖುಷಿ ಕೊಡುತ್ತದೆ. ಪ್ರತಿಯೊಬ್ಬರೂ ಪ್ರತಿ ಪಂದ್ಯದಲ್ಲಿ ಪಡೆದ ಪಾಯಿಂಟ್ ಅವರ ಹೆಸರಿಗೆ ಸೇರುತ್ತದೆ. 8 ಜನರಿಗೆ 7 ಸುತ್ತು, 2 ಕೋರ್ಟ್ ಸಾಕು. ಎಲ್ಲರೂ ಎಲ್ಲರ ಜೊತೆ ಒಮ್ಮೆ ಪಾರ್ಟ್‌ನರ್, ಎಲ್ಲರ ವಿರುದ್ಧ ಎರಡು ಸಲ. ವೇಳಾಪಟ್ಟಿಗೆ ಯಾವ ಆ್ಯಪೂ ಬೇಡ. ಆಟಗಾರರಿಗೆ 1ರಿಂದ 8ರವರೆಗೆ ಸಂಖ್ಯೆ ಕೊಡಿ. ಮೊದಲ ಸುತ್ತು ಹೀಗೆ:

8 ಮತ್ತು 7, ವಿರುದ್ಧ 4 ಮತ್ತು 5
1 ಮತ್ತು 3, ವಿರುದ್ಧ 2 ಮತ್ತು 6

ಮುಂದಿನ ಸುತ್ತಿಗೆ 8ನ್ನು ಅಲ್ಲೇ ಬಿಟ್ಟು ಉಳಿದ ಎಲ್ಲ ಸಂಖ್ಯೆಗೂ 1 ಸೇರಿಸಿ. 7 ಇದ್ದ ಕಡೆ 1 ಬರೆಯಿರಿ. ಎರಡನೇ ಸುತ್ತು 8-1 ವಿರುದ್ಧ 5-6, ಮತ್ತು 2-4 ವಿರುದ್ಧ 3-7. ಹೀಗೇ 7 ಸುತ್ತು. ಬಲವಾದ ಪಾರ್ಟ್‌ನರ್ ಸಿಕ್ಕ ಅದೃಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ, ಮತ್ತೆ ಹೊಸಬರು ಒಂದೇ ದಿನದಲ್ಲಿ ಏಳು ಜನರ ಪರಿಚಯ ಮಾಡಿಕೊಂಡಿರುತ್ತಾರೆ.

ಪ್ರತಿ ಮಟ್ಟದಲ್ಲೂ ಕನಿಷ್ಠ ಆರು ಜೋಡಿ ಇದ್ದರೆ ಮಟ್ಟಕ್ಕೊಂದು ವಿಭಾಗ ಮಾಡಿಬಿಡಿ, ತಲೆನೋವೇ ಇಲ್ಲ. ಎರಡು ಬಡಾವಣೆ, ಎರಡು ಕಚೇರಿ ಹೀಗೆ ಎದುರುಬದುರು ಆಡುವುದಾದರೆ ತಂಡದ ಮಾದರಿ ಒಳ್ಳೆಯದು: ಮಟ್ಟ 1ರ ಜೋಡಿ ಮಟ್ಟ 1ರ ವಿರುದ್ಧ, 2ರದ್ದು 2ರ ವಿರುದ್ಧ ಆಡಿ, ಕೊನೆಗೆ ಎಲ್ಲ ಗೇಮ್‌ಗಳ ಪಾಯಿಂಟ್ ಕೂಡಿಸಿ ಗೆಲುವು ನಿರ್ಧರಿಸುವುದು. ಆಗ ಹೊಸಬರು ಸೋತ ಗೇಮ್‌ನಲ್ಲಿ ತೆಗೆದ 16 ಪಾಯಿಂಟ್‌ಗೂ ಬೆಲೆ ಬರುತ್ತದೆ. ತಮ್ಮ ತಂಡದ ಮಟ್ಟ 1ರ ಆಟವನ್ನು ಮಟ್ಟ 4ರವರು ನಿಂತು ಕೂಗುತ್ತಾ ನೋಡುವುದು ಈ ಮಾದರಿಯಲ್ಲಿ ಮಾತ್ರ.

ಆದರೆ ಬಹುತೇಕ ಟೂರ್ನಿಗಳಲ್ಲಿ ಇರುವುದು 20ರಿಂದ 40 ಜನ, ಮಟ್ಟಗಳು ಅಡ್ಡಾದಿಡ್ಡಿ. ಅಂಥ ಕಡೆ ಮೇಲೆ ಲೆಕ್ಕ ಹಾಕಿದ ಗುಂಪು ಹಂತ ಮತ್ತು ಎರಡು ನಾಕೌಟ್‌ಗಳ ಮಾದರಿಯೇ ಸರಿ. ಎರಡನೇ ನಾಕೌಟ್‌ಗೆ "ಸೋತವರದ್ದು" ಎಂಬ ಹೆಸರು ಕೊಡಬೇಡಿ. ಎರಡು ಬಣ್ಣದ ಹೆಸರಿಡಿ. ಅದಕ್ಕೂ ಫೈನಲ್, ಅದಕ್ಕೂ ಬಹುಮಾನ.

ಜೋಡಿ ಮಾಡುವುದು ಮತ್ತು ಮುಂಗಡ ಪಾಯಿಂಟ್

ಬಲಶಾಲಿ ಒಬ್ಬರು, ಹೊಸಬರು ಒಬ್ಬರು ಸೇರಿಸಿದರೆ ಎಲ್ಲ ಜೋಡಿಗಳೂ ಸಮ ಆಗುತ್ತವೆ ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ. ಮಟ್ಟ 4 ಮತ್ತು 1ರ ಜೋಡಿ, ಮಟ್ಟ 3 ಮತ್ತು 2ರ ಜೋಡಿ, ಎರಡರ ಮೊತ್ತವೂ 5. ಆದರೆ ಕೋರ್ಟ್‌ನಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಎರಡನೆಯದು. ಡಬಲ್ಸ್‌ನಲ್ಲಿ ಶಟಲ್ ಯಾರ ಕಡೆ ಹೋಗಬೇಕು ಎಂದು ನಿರ್ಧರಿಸುವವರು ಎದುರಾಳಿಗಳು. ಅವರು ದುರ್ಬಲರ ಕಡೆಗೇ ಕಳಿಸುತ್ತಾರೆ. ಮಟ್ಟ 4ರವರು ಎಲ್ಲ ಶಟಲ್‌ಗಳಿಗೂ ತಾವೇ ಓಡುತ್ತಾರೆ, ಹೊಸಬರು ಮೂಲೆಯಲ್ಲಿ ನಿಂತು ನೋಡುತ್ತಾರೆ. ಇಬ್ಬರಿಗೂ ಬೇಸರ.

ಅದಕ್ಕೆ ಜೋಡಿಯ ಬಲ ಲೆಕ್ಕ ಹಾಕುವಾಗ ದುರ್ಬಲರ ಮಟ್ಟವನ್ನು ಎರಡು ಸಲ ಎಣಿಸಿ. 4+1 ಜೋಡಿಗೆ 4+1+1, ಅಂದರೆ 6. 3+2 ಜೋಡಿಗೆ 3+2+2, ಅಂದರೆ 7. 3+3ಕ್ಕೆ 9, 2+1ಕ್ಕೆ 4. ಎರಡು ಜೋಡಿಗಳ ಬಲದ ವ್ಯತ್ಯಾಸ ಎಷ್ಟೋ ಅಷ್ಟು ಪಾಯಿಂಟ್ ದುರ್ಬಲ ಜೋಡಿಗೆ ಮುಂಗಡ. 3+3 ಜೋಡಿ 2+1ರ ವಿರುದ್ಧ ಆಡಿದರೆ ಆಟ 0-5ರಿಂದ ಶುರು. ಇದು ಅಂದಾಜಿನ ಸೂತ್ರ, ವಿಜ್ಞಾನ ಅಲ್ಲ. ಬೆರೆತು ಆಡಿದ ದಿನ ಒಂದು ಜೋಡಿ ಇನ್ನೊಂದರ ವಿರುದ್ಧ 21-14ರಿಂದ ಸೋತಿದ್ದರೆ 5 ಪಾಯಿಂಟ್ ಕೊಡಿ, ಪೂರ್ತಿ 7 ಬೇಡ. ಚೆನ್ನಾಗಿ ಆಡುವವರಿಗೆ ಸ್ವಲ್ಪ ಮೇಲುಗೈ ಉಳಿಯಬೇಕು, ಇಲ್ಲದಿದ್ದರೆ ಅವರು ಮುಂದಿನ ಸಲ ಬರುವುದಿಲ್ಲ.

ಮುಂಗಡ ಪಾಯಿಂಟ್ ಕೊಟ್ಟಾಗ ಒಂದು ಚಿಕ್ಕ ಜಗಳ ಖಂಡಿತ ಬರುತ್ತದೆ. ಡಬಲ್ಸ್‌ನಲ್ಲಿ ಸರ್ವ್ ಮಾಡುವ ಕಡೆಯವರ ಪಾಯಿಂಟ್ ಸಮಸಂಖ್ಯೆಯಾದರೆ ಬಲಗಡೆಯಿಂದ, ಬೆಸವಾದರೆ ಎಡಗಡೆಯಿಂದ ಸರ್ವ್. 5 ಮುಂಗಡ ಇರುವ ಜೋಡಿ ಮೊದಲು ಸರ್ವ್ ಮಾಡಿದರೆ ಎಲ್ಲಿಂದ? ಬೋರ್ಡ್ ಮೇಲಿನ ಸ್ಕೋರ್ ಬೆಸ, ಹಾಗಾಗಿ ಎಡಗಡೆಯಿಂದ. ಇದನ್ನು ನಿಯಮದ ಹಾಳೆಯಲ್ಲಿ ಬರೆದಿಡಿ.

ಮುಂಗಡ ಪಾಯಿಂಟ್ ಗುಂಪು ಹಂತಕ್ಕೆ ಮಾತ್ರವಾ, ನಾಕೌಟ್‌ಗೂ ಇದೆಯಾ? ಎರಡೂ ಸರಿಯೇ. ನಾನು ಕೊನೆಯವರೆಗೂ ಇಡುತ್ತೇನೆ. ಅರ್ಧಕ್ಕೆ ತೆಗೆದರೆ ಫೈನಲ್‌ಗೆ ಮತ್ತೆ ಅದೇ ನಾಲ್ಕು ಜನ ಬರುತ್ತಾರೆ, ಅಲ್ವಾ?

ಪಾರ್ಟ್‌ನರ್ ಇಲ್ಲದೆ ಒಬ್ಬರೇ ಹೆಸರು ಕೊಡಲು ಅವಕಾಶ ಇರಲಿ. ಹೊಸಬರು ಬರುವುದೇ ಹೀಗೆ. ಅವರನ್ನು ಒಂದು ಮಟ್ಟದ ಅಂತರದೊಳಗೇ ಜೋಡಿ ಮಾಡಿ, ಅವರಿಗೆ ಮೂರ್ನಾಲ್ಕು ದಿನ ಮುಂಚೆಯೇ ಪರಸ್ಪರ ಪರಿಚಯ ಮಾಡಿಸಿ.

ಡ್ರಾ: ಎಲ್ಲರ ಎದುರಿಗೆ

ಹೆಸರು ಕೊಡುವುದನ್ನು ಹತ್ತು ದಿನ ಮುಂಚೆ ನಿಲ್ಲಿಸಿ, ಎರಡು ದಿನ ಮುಂಚೆ ಡ್ರಾ ಮಾಡಿ. ಬಲದ ಲೆಕ್ಕದಲ್ಲಿ ಮೇಲಿರುವ ನಾಲ್ಕು ಜೋಡಿಗಳನ್ನು ನಾಲ್ಕು ಬೇರೆ ಗುಂಪುಗಳಿಗೆ ಹಾಕಿ. ಉಳಿದವರನ್ನೂ ಬಲದ ಪ್ರಕಾರ ನಾಲ್ಕು ನಾಲ್ಕರಂತೆ ವಿಂಗಡಿಸಿ ಚೀಟಿ ಎತ್ತಿ. ಚೀಟಿ ಎತ್ತುವುದು ನಾಲ್ಕು ಜನರ ಎದುರಿಗೆ ಇಲ್ಲವೇ ವಿಡಿಯೊದಲ್ಲಿ ಆಗಲಿ. ಡ್ರಾ ಬಗ್ಗೆ ಬರುವ ಅನುಮಾನ ಟೂರ್ನಿ ಮುಗಿದ ಮೇಲೂ ಉಳಿಯುತ್ತದೆ.

ಗುಂಪಿನ ಜೋಡಿಗಳಿಗೆ ಬಲದ ಪ್ರಕಾರ 1ರಿಂದ 4 ಸಂಖ್ಯೆ ಕೊಟ್ಟರೆ ಪಂದ್ಯಗಳ ಕ್ರಮ ಹೀಗಿರಲಿ: ಮೊದಲು 1-4 ಮತ್ತು 2-3, ಆಮೇಲೆ 1-3 ಮತ್ತು 2-4, ಕೊನೆಗೆ 1-2 ಮತ್ತು 3-4. ಬಲಶಾಲಿಗಳಿಬ್ಬರ ಪಂದ್ಯ ಕೊನೆಗೆ ಬರುವುದರಿಂದ ಕುತೂಹಲ ಉಳಿಯುತ್ತದೆ. ನಾಲ್ಕೂ ಗುಂಪುಗಳ ಮೊದಲ ಸುತ್ತು ಮುಗಿಸಿ ಆಮೇಲೆ ಎರಡನೇ ಸುತ್ತು ಶುರು ಮಾಡಿ. ಆಗ ಯಾರಿಗೂ ಬೆನ್ನುಬೆನ್ನಿಗೆ ಎರಡು ಪಂದ್ಯ ಬರದಂತೆ ನೋಡಿಕೊಳ್ಳಬಹುದು. ಗುಂಪಿನಲ್ಲಿ ಐದು ಜೋಡಿ ಇದ್ದರೆ 10 ಪಂದ್ಯ ಆಗುತ್ತದೆ. ಒಂದು ಖಾಲಿ ಹೆಸರು ಸೇರಿಸಿ ಆರು ಮಾಡಿ, ಖಾಲಿ ಹೆಸರಿನ ಎದುರು ಬಂದವರಿಗೆ ಆ ಸುತ್ತಿನಲ್ಲಿ ವಿಶ್ರಾಂತಿ.

ನಾಕೌಟ್‌ನಲ್ಲಿ ಯಾರ ಎದುರು ಯಾರು ಎಂಬುದನ್ನು ಗುಂಪು ಹಂತ ಮುಗಿದ ಮೇಲೆ ಚೀಟಿ ಎತ್ತಿ ನಿರ್ಧರಿಸಿ. ಇದಕ್ಕೆ ಒಂದು ದೊಡ್ಡ ಕಾರಣ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಡಬಲ್ಸ್‌ನ ನಾಲ್ಕು ಜೋಡಿಗಳು, ಅಂದರೆ ಎಂಟು ಆಟಗಾರ್ತಿಯರು, ಅನರ್ಹರಾದರು. ಒಂದು ಜೋಡಿ ಚೀನಾದ್ದು, ಒಂದು ಇಂಡೊನೇಷ್ಯಾದ್ದು, ಎರಡು ದಕ್ಷಿಣ ಕೊರಿಯಾದವು. ಮುಂದಿನ ಹಂತದಲ್ಲಿ ಸುಲಭದ ಎದುರಾಳಿ ಸಿಗಲಿ ಎಂದು ಗುಂಪಿನ ಕೊನೆಯ ಪಂದ್ಯ ಸೋಲಲು ಹವಣಿಸಿದ್ದು ಅವರ ಮೇಲಿನ ಆರೋಪ. ಯಾವ ಸ್ಥಾನಕ್ಕೆ ಬಂದರೆ ಯಾರ ಎದುರು ಎಂದು ಮೊದಲೇ ಗೊತ್ತಿದ್ದದ್ದೇ ಇದಕ್ಕೆ ದಾರಿ ಮಾಡಿತು. ಆಮೇಲೆ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ನಿಯಮ ಬದಲಿಸಿ, ಗುಂಪಿನಲ್ಲಿ ಎರಡನೆಯವರಾದ ಜೋಡಿಗಳಿಗೆ ಮತ್ತೆ ಡ್ರಾ ಮಾಡುವ ಕ್ರಮ ತಂದಿತು. ನಿಮ್ಮ ಟೂರ್ನಿಯಲ್ಲಿ ಒಲಿಂಪಿಕ್ ಪದಕ ಇಲ್ಲ, ಸರಿ. ಆದರೆ "ಸೋತರೆ ಎರಡನೇ ನಾಕೌಟ್‌ನಲ್ಲಿ ಕಪ್ ಗ್ಯಾರಂಟಿ" ಎಂಬ ಲೆಕ್ಕ ಹಾಕುವವರು ಎಲ್ಲ ಕಡೆ ಸಿಗುತ್ತಾರೆ.

ಗುಂಪಿನಲ್ಲಿ ಸ್ಥಾನ ನಿರ್ಧರಿಸುವ ಕ್ರಮವನ್ನು ಒಕ್ಕೂಟದ ನಿಯಮದಿಂದಲೇ ತೆಗೆದುಕೊಳ್ಳಿ. ಮೊದಲು ಗೆದ್ದ ಪಂದ್ಯಗಳ ಸಂಖ್ಯೆ. ಇಬ್ಬರು ಸಮ ಇದ್ದರೆ ಅವರಿಬ್ಬರ ಪಂದ್ಯ ಗೆದ್ದವರು ಮುಂದೆ. ಮೂವರು ಸಮ ಇದ್ದರೆ ಗೇಮ್ ಅಂತರ, ಆಮೇಲೆ ಪಾಯಿಂಟ್ ಅಂತರ, ಅದೂ ಸಮವಾದರೆ ಚೀಟಿ. ನೀವು ಒಂದೇ ಗೇಮ್ ಆಡಿಸುತ್ತಿರುವುದರಿಂದ ಗೇಮ್ ಅಂತರಕ್ಕೆ ಅರ್ಥ ಇಲ್ಲ, ನೇರ ಪಾಯಿಂಟ್ ಅಂತರಕ್ಕೆ ಹೋಗಿ. ಮುಂಗಡ ಪಾಯಿಂಟ್ ಸೇರಿಸಿಯೇ ಎಣಿಸಿ. ಗಾಯದಿಂದಲೋ ಬೇರೆ ಕಾರಣದಿಂದಲೋ ಯಾವುದಾದರೂ ಜೋಡಿ ಗುಂಪು ಹಂತದ ನಡುವೆ ಬಿಟ್ಟುಹೋದರೆ ಅವರು ಆಡಿದ ಎಲ್ಲ ಪಂದ್ಯಗಳ ಫಲಿತಾಂಶವನ್ನೂ ಅಳಿಸಿ. ಆಗಲೇ ಗೆದ್ದವರಿಗೆ ಸಿಟ್ಟು ಬರುತ್ತದೆ, ಆದರೆ ಇದೊಂದೇ ಎಲ್ಲರಿಗೂ ಸಮ.

ಶಟಲ್

ಬಜೆಟ್‌ನಲ್ಲಿ ಹಾಲ್ ಬಾಡಿಗೆಯ ನಂತರ ದೊಡ್ಡ ಖರ್ಚು ಇದೇ. ಗರಿಯ ಶಟಲ್‌ಗೆ 16 ಗರಿ, ತೂಕ 4.74ರಿಂದ 5.50 ಗ್ರಾಂ. ಹೊಸಬರ ಕೈಯಲ್ಲಿ ಅದು ಬೇಗ ಹಾಳಾಗುತ್ತದೆ, ಯಾಕೆಂದರೆ ಫ್ರೇಮ್‌ಗೆ ತಗಲುವುದು ಜಾಸ್ತಿ. ಮಟ್ಟ 1 ಮತ್ತು 2ರವರೇ ಹೆಚ್ಚಿದ್ದರೆ ನೈಲಾನ್ ಸಾಕು. ಮಟ್ಟ 3, 4ರವರಿಗೆ ನೈಲಾನ್ ಕೊಟ್ಟರೆ ಗೊಣಗುತ್ತಾರೆ, ಗೊಣಗಲು ಕಾರಣವೂ ಇದೆ, ಡ್ರಾಪ್ ಹಾರುವ ರೀತಿಯೇ ಬೇರೆ. ಏನೇ ಆರಿಸಿದರೂ ಪ್ರಕಟಣೆಯಲ್ಲಿ ಹೇಳಿ, ಒಂದು ನಾಕೌಟ್‌ನ ಒಳಗೆ ಬದಲಿಸಬೇಡಿ. ಗರಿಯದ್ದಾದರೆ ಗೇಮ್‌ಗೆ ಒಂದರಂತೆ ಲೆಕ್ಕ ಹಾಕಿ, ಮೇಲೆ ಕಾಲು ಭಾಗ ಜಾಸ್ತಿ ತನ್ನಿ.

ವೇಗವನ್ನು ಹಾಲ್‌ನಲ್ಲೇ ಪರೀಕ್ಷಿಸಬೇಕು. ಹಿಂದಿನ ಗೆರೆಯ ಮೇಲೆ ನಿಂತು, ಕೆಳಗಿನಿಂದ ಮೇಲಕ್ಕೆ ಪೂರ್ತಿ ಬಲದಿಂದ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆಯಿರಿ. ಶಟಲ್ ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬಿದ್ದರೆ ಸರಿಯಾದ ವೇಗ. ಹೊಡೆಯುವವರು ಮಟ್ಟ 3 ಅಥವಾ 4ರವರಾಗಿರಲಿ. ಗಾಳಿ ಬಿಸಿಯಾಗಿದ್ದರೆ, ಊರು ಎತ್ತರದಲ್ಲಿದ್ದರೆ ಶಟಲ್ ಜೋರಾಗಿ ಹಾರುತ್ತದೆ. ಆಗ ಡಬ್ಬಿಯ ಮೇಲೆ ವೇಗದ ಸಂಖ್ಯೆ 77 ಇರುವುದರ ಬದಲು 76ರದ್ದು, ಅಂದರೆ ಸ್ವಲ್ಪ ನಿಧಾನದ್ದು, ತರಬೇಕು. ನೈಲಾನ್‌ನಲ್ಲಿ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ.

ನಿಯಮದ ಹಾಳೆ, ಒಂದೇ ಪುಟ

ಒಂದು ಪುಟ ಮೀರಿದರೆ ಯಾರೂ ಓದುವುದಿಲ್ಲ. ಅಧಿಕೃತ ನಿಯಮಗಳನ್ನು ಪೂರ್ತಿ ಬರೆಯುವ ಬದಲು, ಜಗಳ ಬರುವ ಕಡೆ ಮಾತ್ರ ಬರೆಯಿರಿ.

ಮೊದಲನೆಯದು 20-20. ಅಧಿಕೃತವಾಗಿ ಎರಡು ಪಾಯಿಂಟ್ ಅಂತರ ಬೇಕು, 29-29 ಆದರೆ 30ನೇ ಪಾಯಿಂಟ್ ಗೆದ್ದವರದ್ದು. ಗುಂಪು ಹಂತದಲ್ಲಿ ಇದನ್ನು ಬಿಟ್ಟು ಮೊದಲು 21 ತಲುಪಿದವರು ಗೆದ್ದರು ಎಂದಿಡಿ, ಸಮಯ ಹಿಡಿತದಲ್ಲಿ ಇರುತ್ತದೆ. ಒಂದು ಕಡೆಯವರು 11 ಪಾಯಿಂಟ್ ಮುಟ್ಟಿದಾಗ ಒಂದು ನಿಮಿಷದ ವಿರಾಮ ಇರಲಿ. ಒಂದು ಬದಿಯಲ್ಲಿ ದೀಪ ಅಥವಾ ಗಾಳಿಯ ತೊಂದರೆ ಇದ್ದರೆ ಅದೇ ಹೊತ್ತಿಗೆ ಬದಿ ಬದಲಿಸಿ.

ಸರ್ವ್ ಎತ್ತರ ಇನ್ನೊಂದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸರ್ವ್ ಹೊಡೆಯುವಾಗ ಶಟಲ್ ನೆಲದಿಂದ 1.15 ಮೀಟರ್ ಒಳಗೆ ಇರಬೇಕು. ಅಳೆಯುವ ಉಪಕರಣ ಇಲ್ಲದೆ ಇದನ್ನು ಹಿಡಿಯಲಾಗದು. ಸೊಂಟದ ಕೆಳಗೆ ಎಂಬ ಹಳೆಯ ನಿಯಮವೇ ನಿಮಗೆ ಸಾಕು, ಅದೂ ಕಣ್ಣಿಗೆ ಹೊಡೆಯುವಷ್ಟು ಮೀರಿದರೆ ಮಾತ್ರ ಕೂಗಿ.

ಚಾವಣಿಗೆ ತಗಲಿದ ಶಟಲ್ ನಿಯಮದ ಪ್ರಕಾರ ಫಾಲ್ಟ್, ಅಂದರೆ ಹೊಡೆದವರ ತಪ್ಪು. ಆದರೆ ಕಟ್ಟಡದ ರಚನೆ ನೋಡಿ ಸ್ಥಳೀಯವಾಗಿ ಬದಲಿಸಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ತಗ್ಗಾದ ತೊಲೆ ಇದ್ದರೆ ಆ ತೊಲೆಗೆ ತಗಲಿದ್ದು ಲೆಟ್ (ಆ ಪಾಯಿಂಟ್ ಮತ್ತೆ ಆಡುವುದು) ಎಂದು ಮೊದಲೇ ಹೇಳಿಬಿಡಿ. ಪಕ್ಕದ ಕೋರ್ಟ್‌ನ ಶಟಲ್ ಒಳಗೆ ಬಂದರೂ ಲೆಟ್. ಗೆರೆಯ ಮೇಲೆ ಬಿದ್ದದ್ದು ಒಳಗೆ. ತಮ್ಮ ಬದಿಯ ಗೆರೆ ತಾವೇ ಕೂಗುವುದು, ಅನುಮಾನ ಇದ್ದರೆ ಎದುರಾಳಿಗೆ ಪಾಯಿಂಟ್.

"ಹೊಸಬರಿಗೆ ಸ್ಮ್ಯಾಶ್ ಹೊಡೆಯಬಾರದು" ಎಂಬ ನಿಯಮ ಕೆಲವರು ಹಾಕುತ್ತಾರೆ. ಬೇಡ. ಯಾವುದು ಸ್ಮ್ಯಾಶ್, ಯಾವುದು ಬರೀ ಜೋರು ಹೊಡೆತ ಎಂದು ತೀರ್ಪು ಕೊಡುವವರು ಯಾರು? ಮತ್ತೆ ಹೊಸಬರಿಗೂ ಅದು ಅವಮಾನ. ಮೈಗೆ ಗುರಿ ಇಡಬೇಡಿ ಎಂದು ಬೆಳಿಗ್ಗೆ ಎಲ್ಲರಿಗೂ ಒಮ್ಮೆ ಹೇಳಿದರೆ ಸಾಕು.

ಟೂರ್ನಿಯ ದಿನ

ಆಡದೇ ಇರುವ ಒಬ್ಬರು ಮೇಜಿನ ಹತ್ತಿರ ಇಡೀ ದಿನ ಕೂರಬೇಕು. ಇದರಲ್ಲಿ ರಾಜಿ ಇಲ್ಲ. ಆಯೋಜಕರೇ ಆಡುತ್ತಾ ಮೇಜನ್ನೂ ನೋಡಿಕೊಂಡರೆ ಅವರ ಪಂದ್ಯ ಬಂದಾಗಲೆಲ್ಲ ಮೂರೂ ಕೋರ್ಟ್ ಖಾಲಿ ನಿಲ್ಲುತ್ತವೆ. ಎಲ್ಲ ಪಂದ್ಯಗಳಿಗೂ ಕ್ರಮವಾಗಿ ಸಂಖ್ಯೆ ಕೊಟ್ಟು ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ. ಗಂಟೆ ಬರೆಯಬೇಡಿ, ಸಂಖ್ಯೆ ಮಾತ್ರ ಬರೆಯಿರಿ. ಯಾವ ಕೋರ್ಟ್ ಖಾಲಿಯಾಗುತ್ತದೋ ಅಲ್ಲಿಗೆ ಮುಂದಿನ ಸಂಖ್ಯೆ. ಮೇಜಿನವರು ಯಾವಾಗಲೂ ಎರಡು ಪಂದ್ಯ ಕೂಗಬೇಕು: ಈಗ ಹೋಗಬೇಕಾದ್ದು, ಆಮೇಲೆ ತಯಾರಿರಬೇಕಾದ್ದು. ಕೂಗಿದ ಮೇಲೆ ಹತ್ತು ನಿಮಿಷದೊಳಗೆ ಬರದಿದ್ದರೆ ಎದುರಾಳಿಗೆ ಗೆಲುವು, ಅಂದರೆ ವಾಕ್‌ಓವರ್. ಮೊದಲ ವಾಕ್‌ಓವರ್ ಕೊಡುವಾಗ ಕೈ ನಡುಗುತ್ತದೆ, ಕೊಟ್ಟ ಮೇಲೆ ಇಡೀ ದಿನ ಎಲ್ಲರೂ ಸಮಯಕ್ಕೆ ಬರುತ್ತಾರೆ.

ಸ್ಕೋರ್ ಬರೆಯುವವರು ಯಾರು? ಸೋತವರನ್ನೇ ಮುಂದಿನ ಪಂದ್ಯಕ್ಕೆ ಕೂರಿಸುವ ರೂಢಿ ಹಲವು ಕಡೆ ಇದೆ. ಸೋತು ಬೆವರು ಸುರಿಸುತ್ತಾ ಇರುವವರಿಗೆ ಅದು ಶಿಕ್ಷೆ. ಆ ಹೊತ್ತಿಗೆ ವಿಶ್ರಾಂತಿಯಲ್ಲಿರುವ ಜೋಡಿಗಳ ಹೆಸರನ್ನು ಮೊದಲೇ ಹಾಳೆಯಲ್ಲಿ ಬರೆದಿಡಿ, ಆಟದ ಸಂಖ್ಯೆಯ ಪಕ್ಕದಲ್ಲೇ. ಸ್ಕೋರ್ ಹಾಳೆಯಲ್ಲಿ ಮುಂಗಡ ಪಾಯಿಂಟ್ ತುಂಬಿಸಿಯೇ ಕೋರ್ಟ್‌ಗೆ ಕಳಿಸಿ. ಆಟ ಮುಗಿದ ಮೇಲೆ ಎರಡೂ ಕಡೆಯವರ ಸಹಿ. ಹಾಳೆ ಮೇಜಿಗೆ ತಂದುಕೊಡುವುದು ಗೆದ್ದವರ ಕೆಲಸ, ಬಳಸಿದ ಶಟಲ್ ಕೂಡ.

ಗಾಯಗಳ ಬಗ್ಗೆ ತಯಾರಿ ಇರಲಿ. ಈ ಆಟದಲ್ಲಿ ಹೆಚ್ಚಾಗಿ ಆಗುವುದು ಪಾದದ ಕೀಲು ಉಳುಕುವುದು, ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟು. ವಾರವಿಡೀ ಕೂತು ಕೆಲಸ ಮಾಡಿದವರು ಕೈಕಾಲು ಸಡಿಲಿಸದೆ ನೇರ ಕೋರ್ಟ್‌ಗೆ ಇಳಿದಾಗಲೇ ಇದು ಆಗುವುದು ಜಾಸ್ತಿ. ಬೆಳಿಗ್ಗೆ ಎಲ್ಲರನ್ನೂ ಸೇರಿಸಿ ಹತ್ತು ನಿಮಿಷ ಮೈ ಬಿಸಿ ಮಾಡಿಸಿ. ಐಸ್, ಕ್ರೇಪ್ ಬ್ಯಾಂಡೇಜ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೇಜಿನ ಕೆಳಗೆ ಇರಲಿ. ನೆಲದ ಬೆವರು ಒರೆಸಲು ಕೋರ್ಟ್‌ಗೊಂದು ಬಟ್ಟೆ. ರಬ್ಬರ್ ತಳದ, ನೆಲದ ಮೇಲೆ ಗುರುತು ಬೀಳದ ಶೂ ಕಡ್ಡಾಯ. ಓಡುವ ಶೂಗಳ ಎತ್ತರದ ತಳದಿಂದಲೇ ಎಷ್ಟೋ ಕಾಲು ಹೊರಳುತ್ತವೆ. ಯಾರಿಗಾದರೂ ಎದೆ ನೋವು, ತಲೆ ಸುತ್ತು ಬಂದರೆ ಆಟ ಅಲ್ಲೇ ನಿಲ್ಲಲಿ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಹತ್ತಿರದ ಆಸ್ಪತ್ರೆಯ ಫೋನ್ ನಂಬರ್ ಗೋಡೆಯ ಹಾಳೆಯಲ್ಲೇ ಇರಲಿ.

ಕಣ್ಣಿನ ವಿಷಯ ಬೇರೆಯಾಗಿ ಹೇಳಬೇಕು. ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ದಾಖಲೆ ಮಾಡಿದ ಸ್ಮ್ಯಾಶ್‌ನ ವೇಗ ಗಂಟೆಗೆ 565 ಕಿಲೋಮೀಟರ್. ಹವ್ಯಾಸಿಗಳ ಹೊಡೆತ ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೆ ನೆಟ್ ಹತ್ತಿರ ಎರಡು ಮೀಟರ್ ದೂರದಿಂದ ಬಂದರೆ ಕಣ್ಣು ಮುಚ್ಚಲೂ ಸಮಯ ಸಿಗುವುದಿಲ್ಲ. ಡಬಲ್ಸ್‌ನಲ್ಲಿ ಮುಂದೆ ನಿಂತವರು ಪಾರ್ಟ್‌ನರ್ ಹೊಡೆಯುವಾಗ ಹಿಂತಿರುಗಿ ನೋಡುವುದು ಹೊಸಬರ ದೊಡ್ಡ ತಪ್ಪು. ನೋಡಬೇಡಿ ಎಂದು ಬೆಳಿಗ್ಗೆಯೇ ಹೇಳಿ. ಕಣ್ಣಿಗೆ ಶಟಲ್ ಬಡಿದರೆ ಉಜ್ಜಬಾರದು, ನೋವು ಕಡಿಮೆಯಾಯಿತು ಎಂದು ಆಟ ಮುಂದುವರಿಸಬಾರದು, ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಹಣ, ಬಹುಮಾನ, ಆಮೇಲಿನ ಕೆಲಸ

ಪ್ರವೇಶ ಶುಲ್ಕ ನಿರ್ಧರಿಸುವಾಗ ಬರಬಹುದು ಎಂದುಕೊಂಡ ಜೋಡಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಮಾತ್ರ ಬರುತ್ತವೆ ಎಂದು ಲೆಕ್ಕ ಹಿಡಿಯಿರಿ. ಹಾಲ್ ಬಾಡಿಗೆ, ಬಹುಮಾನದಂಥ ಖಾಯಂ ಖರ್ಚನ್ನು ಆ ಸಂಖ್ಯೆಯಿಂದ ಭಾಗಿಸಿ, ಮೇಲೆ ಜೋಡಿಗೆ ತಗಲುವ ಶಟಲ್ ಮತ್ತು ನೀರಿನ ಖರ್ಚು ಸೇರಿಸಿ. ಹಣ ಕೊಟ್ಟವರ ಹೆಸರು ಮಾತ್ರ ಡ್ರಾಗೆ ಹೋಗಲಿ. "ಬರ್ತೀನಿ" ಎಂದವರೆಲ್ಲ ಬರುವುದಿಲ್ಲ.

ದೊಡ್ಡ ಕಪ್‌ಗಳಿಗೆ ಸುರಿಯುವ ಹಣದಲ್ಲಿ ಒಳ್ಳೆಯ ಶಟಲ್ ತರುವುದು ಮೇಲು. ಬಹುಮಾನವಾಗಿ ಗ್ರಿಪ್, ಶಟಲ್ ಡಬ್ಬಿ ಕೊಡಿ, ನಾಳೆಯೇ ಉಪಯೋಗಕ್ಕೆ ಬರುತ್ತವೆ. ಎರಡನೇ ನಾಕೌಟ್‌ನ ಬಹುಮಾನವನ್ನು ಮೊದಲನೆಯದಕ್ಕಿಂತ ತೀರಾ ಚಿಕ್ಕದು ಮಾಡಬೇಡಿ.

ಸ್ಕೋರ್ ಹಾಳೆಗಳನ್ನು ಬಿಸಾಡಬೇಡಿ. ಅದೇ ವಾರದಲ್ಲಿ ಕೂತು ಎಲ್ಲ ಫಲಿತಾಂಶ ಒಂದು ಪಟ್ಟಿಗೆ ತುಂಬಿಸಿ. ಮುಂಗಡ ಪಾಯಿಂಟ್ ಕಳೆದ ಮೇಲೂ ಎಲ್ಲ ಪಂದ್ಯ ಗೆದ್ದ ಜೋಡಿಯ ಇಬ್ಬರಿಗೂ ಮಟ್ಟ ಅರ್ಧ ಏರಿಸಿ, ಮುಂಗಡ ಪಡೆದೂ ಎಲ್ಲ ಪಂದ್ಯಗಳಲ್ಲೂ ಹತ್ತು ಪಾಯಿಂಟ್ ಮುಟ್ಟದೆ ಸೋತವರಿಗೆ ಅರ್ಧ ಇಳಿಸಿ. ಮುಂದಿನ ಟೂರ್ನಿಯ ಮಟ್ಟದ ಪಟ್ಟಿ ಇದೇ. ಫಾರಂನಲ್ಲಿ ಯಾರು ಏನೇ ಗುರುತು ಹಾಕಿದರೂ ಈ ಪಟ್ಟಿಯಲ್ಲಿ ಇರುವವರಿಗೆ ಇಲ್ಲಿನ ಸಂಖ್ಯೆಯೇ ಅಂತಿಮ ಎಂದು ಪ್ರಕಟಣೆಯಲ್ಲಿ ಬರೆಯಿರಿ. ಹೊಸದಾಗಿ ಬಂದವರನ್ನು ಮಾತ್ರ ಆಡಿಸಿ ನೋಡಿದರೆ ಆಯಿತು.